ಸಡಿಲ ಮೊಳೆ

"ಮೂರು ಗೋಡೆಗೆ ಬೇಕಾದಷ್ಟು ಮೊಳೆ ಹೊಡ್ಕೊಳ್ಳಿ. ಕಿಟಕಿ ಎದುರಿನ ಗೋಡೆ ಮಾತ್ರ ಮುಟ್ಟಬೇಡಿ."

ಬೀಗದ ಕೈ ಕೊಡುವಾಗ ಮನೆ ಮಾಲೀಕ ಹಾಕಿದ ಷರತ್ತು ಇದೊಂದೇ. ಕೆಳಗಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಮುದುಕ. ಸದಾ ಕೊರಳಿಗೆ ಕತ್ತರಿ ನೇತುಹಾಕಿಕೊಂಡಿರುತ್ತಿದ್ದುದರಿಂದ ಬೀದಿಗೆಲ್ಲ ಅವನು ಕತ್ತರಿ ತಾತ. ಬಾಡಿಗೆ ಕೋಣೆಗಾಗಿ ಎರಡು ವಾರ ಅಲೆದು, ಹದಿನೇಳು ಮನೆಗಳ ಮೆಟ್ಟಿಲು ಸವೆಸಿ ಬಂದಿದ್ದ ಅಕ್ಕ ತಂಗಿಯರಿಗೆ ಇಂಥ ಮಾತು ಹೊಸದಲ್ಲ. ಮೊಳೆ ಹೊಡೆಯಬೇಡಿ, ಜೋರಾಗಿ ನಗಬೇಡಿ, ಗೆಳತಿಯರನ್ನು ಕರೆತರಬೇಡಿ. ಮಾಲೀಕರ ಬೇಡಿಗಳನ್ನೆಲ್ಲ ಪಾಲಿಸುತ್ತ ಕೂತರೆ ವಿದ್ಯಾರ್ಥಿಗಳು ಉಸಿರಾಡುವುದಕ್ಕೂ ಅರ್ಜಿ ಹಾಕಬೇಕಾಗುತ್ತದೆ. ಆದರೆ ಒಂದೇ ಒಂದು ಗೋಡೆಗೆ ಕಾವಲು ಕೂತ ಮಾಲೀಕನನ್ನು ಅವರು ನೋಡಿದ್ದು ಇದೇ ಮೊದಲು.

"ಆ ಗೋಡೆಗೇನು ವಿಶೇಷ, ತಾತ?" ಅಕ್ಕ ಕೇಳಿದಳು.

ಮುದುಕ ದನಿ ತಗ್ಗಿಸಿದ. "ದಾಯಾದಿಗಳು ಮಾಡಿಸಿದ ಮಾಟ ಅದು. ಗಾರೆಯವನಿಗೆ ದುಡ್ಡು ಕೊಟ್ಟು, ಸುಡುಗಾಡಿನ ಬೂದಿ ಕಲೆಸಿ ಮೆತ್ತಿಸಿದ್ರು. ಯಾರ ಕೂದಲು ಅದರೊಳಗೆ ಸೇರುತ್ತೋ, ಗೋಡೆ ಅವರ ಮೈ ಆಗುತ್ತೆ. ನನ್ನ ಹೆಂಡತಿ ಹಾಗೇ ಹೋದ್ಲು ಮಗಳೇ."

ತಂಗಿ ಅಕ್ಕನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಕ್ಕ ನಕ್ಕಳು.

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ ತಾತ. ಮೈಯೂ ಇರುತ್ತೆ ಅಂತ ಈಗಲೇ ಗೊತ್ತಾಗಿದ್ದು!"

ಮುದುಕ ನಗಲಿಲ್ಲ. ಬೀಗದ ಕೈ ಕೊಟ್ಟು, ಮೆಟ್ಟಿಲಿಳಿದು ಹೋದ.

ಅಕ್ಕ ಸಿವಿಲ್ ಇಂಜಿನಿಯರಿಂಗ್ ಮೂರನೆಯ ವರ್ಷದವಳು. ಗೋಡೆ ಎಂದರೆ ಇಟ್ಟಿಗೆ, ಮರಳು, ಗಾರೆ. ಅದರಾಚೆ ಏನಿದ್ದರೂ ಅವಳ ಪಾಲಿಗೆ ಅಜ್ಜಿ ಕತೆ. ತಂಗಿ ಈ ವರ್ಷವಷ್ಟೇ ವಿಶ್ವವಿದ್ಯಾಲಯಕ್ಕೆ ಸೇರಿದವಳು, ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಹುಡುಗಿ. ಬಸ್ಸು ಹತ್ತಿಸುವಾಗ ಅಪ್ಪ, "ಇವಳು ನಿನ್ನ ಜವಾಬ್ದಾರಿ ಕಣಮ್ಮ" ಎಂದಿದ್ದರು. "ಪುಟ್ಟಿಗೆ ಏನಾದ್ರೂ ಆಗ್ಬೇಕಾದ್ರೆ ಮೊದಲು ನನಗಾಗ್ಬೇಕು" ಎಂದು ಅಕ್ಕ ಕಿಟಕಿಯಿಂದಲೇ ಕೂಗಿ ಹೇಳಿದ್ದಳು.

ಭಾನುವಾರ ಮಧ್ಯಾಹ್ನ ಪುಸ್ತಕದ ಹಲಗೆ ಹಾಕಲು ಹೊರಟರು. ಒಂದು ಗೋಡೆಯನ್ನು ಬಾಗಿಲು ತಿಂದಿತ್ತು, ಇನ್ನೊಂದನ್ನು ಕಿಟಕಿ, ಮತ್ತೊಂದನ್ನು ಬೀರು. ಉಳಿದದ್ದು ಅದೊಂದೇ.

"ಬೇಡ ಕಣೇ ಅಕ್ಕ. ತಾತ ಅಷ್ಟು ಹೇಳಿದ್ರಲ್ಲ."

"ತಾತನ ಮಾತು ಕೇಳಿದ್ರೆ ಪುಸ್ತಕಾನೆಲ್ಲ ತಲೆ ಮೇಲೆ ಹೊತ್ಕೊಂಡು ನಿಂತಿರ್ಬೇಕು."

ಮೊದಲ ಏಟಿಗೇ ಗಾರೆ ಉದುರಿತು. ಮುಗ್ಗಲು ನಾತ, ಅದರ ಬೆನ್ನಿಗೆ ಸುಟ್ಟ ಕೂದಲಿನ ನಾತ ಮೂಗಿಗೆ ಬಡಿಯಿತು. ತೂತಿನೊಳಗಿಂದ ನಾಲ್ಕಾರು ಕರಿಯ ಎಳೆಗಳು ಜೋತುಬಿದ್ದವು. ತಂಗಿ ಚೀರಿದಳು.

"ಅಯ್ಯೋ ಪೆದ್ದಿ, ಹಳೇ ಕಾಲದಲ್ಲಿ ಗಾರೆಗೆ ದನದ ಕೂದಲು ಕಲೆಸ್ತಿದ್ರು, ಬಿರುಕು ಬಿಡಬಾರ್ದು ಅಂತ. ನಮಗೆ ಪಾಠದಲ್ಲೇ ಇದೆ."

ಆದರೆ ತೂತು ದೊಡ್ಡದಾಗಿ ಮೊಳೆ ಸಡಿಲವಾಗಿತ್ತು. ಸಡಿಲ ಮೊಳೆಗೆ ನಾರನ್ನೋ ದಾರವನ್ನೋ ಸುತ್ತಿ ಹೊಡೆದರೆ ಬಿಗಿಯಾಗುತ್ತದೆಂದು ಯಾರಿಗೆ ಗೊತ್ತಿಲ್ಲ? ಕಿಟಕಿಯ ಕಟ್ಟೆಯ ಮೇಲೆ ತಂಗಿಯ ಬಾಚಣಿಗೆಯಿತ್ತು. ಅದರ ಹಲ್ಲಿಗೆ ಬೆಳಗ್ಗೆ ಬಾಚಿ ಉದುರಿದ ಕೂದಲ ಉಂಡೆ ಸಿಕ್ಕಿಕೊಂಡಿತ್ತು. ಅಕ್ಕನ ಮುಖದಲ್ಲಿ ಕಿಡಿಗೇಡಿ ನಗು ಮೂಡಿತು.

"ಇವತ್ತೇ ನಿನ್ನ ಭಯ ಬಿಡಿಸ್ತೀನಿ, ನೋಡ್ತಿರು."

"ಅಕ್ಕ, ಬೇಡ!"

ಮೊಳೆಗೆ ಕೂದಲು ಸುತ್ತಿ ಸುತ್ತಿಗೆ ಎತ್ತಿ ಹೊಡೆದಳು. ಹಿಂದೆ ತಂಗಿ ಅಮ್ಮಾ ಎಂದಳು.

"ನಾಟಕ ಸಾಕು, ಪುಟ್ಟಿ."

ಮತ್ತೊಂದು ಏಟು. ಈ ಸಲ ಮಾತು ಬರಲಿಲ್ಲ. ಉಸಿರು ಸಿಕ್ಕಿಕೊಂಡ ಸದ್ದು ಬಂತು, ತಂಗಿಯ ಕೈಲಿದ್ದ ಪುಸ್ತಕಗಳು ಧೊಪ್ಪೆಂದು ಚೆಲ್ಲಿದವು. ಅಕ್ಕ ತಿರುಗಿದಳು. ತಂಗಿ ನೆಲದ ಮೇಲೆ ಕುಸಿದಿದ್ದಳು. ಎಡಗಡೆ ಕೊರಳೆಲುಬಿನ ಕೆಳಗೆ ಅಂಗಿಯಲ್ಲೊಂದು ತೂತು. ತೂತಿನಿಂದ ರಕ್ತ ಬುಗ್ಗೆ ಬುಗ್ಗೆಯಾಗಿ ಉಕ್ಕುತ್ತಿತ್ತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಗೋಡೆಗೆ ಕೈ ಊರಿದಳು. ಬೆಚ್ಚಗಿತ್ತು. ಅಂಗೈ ಕೆಳಗೆ ಏನೋ ಮಿಡಿಯುತ್ತಿತ್ತು. ಅವಳು ಕಿರುಚಿದಳು.

ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮುದುಕ ಏದುತ್ತ ಮೆಟ್ಟಿಲೇರಿ ಬಂದ, ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಹೆಗಲ ಮೇಲಿನ ಬಟ್ಟೆಯನ್ನು ಗಾಯಕ್ಕೆ ತುರುಕಿ, ಮಂಡಿಯೂರಿ, ಎರಡೂ ಅಂಗೈಗಳಿಂದ ಅದುಮಿ ಹಿಡಿದ.

"ಡಾಕ್ಟರನ್ನ ಕರೀತೀನಿ ತಾತ!"

"ಅವರು ಬರೋ ಹೊತ್ತಿಗೆ ಇವಳಿರಲ್ಲ. ಮೊಳೆ ನೋಡು."

ಯಾರೂ ಮುಟ್ಟದೆಯೇ ಮೊಳೆ ಒಳಕ್ಕೆ ಹೋಗುತ್ತಿತ್ತು. ಗೋಡೆ ಅದನ್ನು ಚೀಪುತ್ತಿತ್ತು. ಒಂದೊಂದು ಎಳೆತಕ್ಕೂ ತಂಗಿಯ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು.

"ಕಿತ್ತುಬಿಡ್ತೀನಿ!"

"ಬರೀ ಕಿತ್ರೆ ರಕ್ತ ನಿಲ್ಲಲ್ಲ. ಅದೇ ತೂತಿಗೆ ಇನ್ನೊಬ್ಬರ ಕೂದಲು ಸುತ್ತಿ ಹೊಡೀಬೇಕು. ಆಗ ಇವಳನ್ನ ಬಿಟ್ಟು ಅವರನ್ನ ಹಿಡಿಯುತ್ತೆ." ಮುದುಕ ಗಾಯವನ್ನು ಇನ್ನೂ ಬಿಗಿಯಾಗಿ ಅದುಮಿದ. "ನನ್ನ ಹೆಂಡತಿಗೋಸ್ಕರ ನಾನು ಅದನ್ನ ಮಾಡ್ಲಿಲ್ಲ. ಧೈರ್ಯ ಸಾಲಲಿಲ್ಲ. ನೀನಾದ್ರೂ ಮಾಡು, ಬೇಗ!"

ಅಕ್ಕ ಸುತ್ತಿಗೆಯ ಹಿಂಬದಿಯಿಂದ ಮೊಳೆ ಮೀಟಿದಳು. ಗೋಡೆ ಬಿಡಲಿಲ್ಲ. ಕಾಲು ಕೊಟ್ಟು ಎಳೆದಳು. ಹಸಿ ಮಾಂಸದಿಂದ ಕಿತ್ತಂತೆ ಪಚಕ್ಕನೆ ಬಂತು. ತಂಗಿ ಬೆನ್ನು ಬಿಲ್ಲಾಗಿಸಿ ಚೀರಿದಳು. ಮುದುಕನ ಬೆರಳ ಸಂದಿನಿಂದ ರಕ್ತ ಚಿಮ್ಮಿತು.

ಅಕ್ಕ ತನ್ನ ತಲೆಯಿಂದ ಒಂದು ಹಿಡಿ ಕೂದಲು ಕಿತ್ತಳು. ಮೊಳೆಗೆ ಸುತ್ತಿದಳು. ತೂತಿಗೆ ಇಟ್ಟಳು. ಸುತ್ತಿಗೆ ಎತ್ತಿದಳು.

ಕೈ ಇಳಿಯಲಿಲ್ಲ.

ಇನ್ನಷ್ಟು ಮೇಲಕ್ಕೆ ಎತ್ತಿದಳು. ಮೊಳೆ ಎಷ್ಟುದ್ದ ಇತ್ತು! ಅದರ ತುದಿ ತನ್ನ ಎದೆಯೊಳಗೆ ಎಲ್ಲಿ ಮುಟ್ಟುತ್ತದೆಂದು ಅವಳಿಗೆ ಈಗಲೇ ತಿಳಿಯುತ್ತಿತ್ತು. ತಂಗಿಯೆಂದರೆ ಪ್ರಾಣ ಎಂದು ಸಾವಿರ ಸಲ ಹೇಳಿದ್ದಳು. ಪ್ರಾಣ ಬೇರೆ, ತಂಗಿ ಬೇರೆ ಎಂದು ಈಗ ಗೊತ್ತಾಯಿತು. ನಾಚಿಕೆಯಾಯಿತು, ಆದರೂ ಕೈ ಇಳಿಯಲಿಲ್ಲ.

"ಅಕ್ಕ..." ತಂಗಿಯ ದನಿ ಗುಟುಕು ನೀರಿನಷ್ಟೇ ಉಳಿದಿತ್ತು.

ಅಕ್ಕ ಕೆಳಗೆ ನೋಡಿದಳು. ಮುದುಕನ ಬಾಗಿದ ಕತ್ತು ಕಂಡಿತು. ಕೊರಳಿನ ಕತ್ತರಿ ಕಂಡಿತು. ಹಿಂದಲೆಯ ಬಿಳಿ ಕೂದಲು ಕಂಡಿತು.

ತನ್ನ ಕೂದಲನ್ನು ಮೊಳೆಯಿಂದ ಬಿಚ್ಚಿ ಬಿಸಾಡಿದಳು. ಕತ್ತರಿಗೆ ಕೈ ಹಾಕಿದಳು. ಕತ್ತಿನ ಹತ್ತಿರ ಕಚಕ್ಕೆಂದು ಸದ್ದಾದಾಗ ಮುದುಕನಿಗೆ ತಿಳಿಯಿತು.

"ಬೇಡ ಮಗಳೇ."

ಅವನು ಎದ್ದು ತಡೆಯಬಹುದಿತ್ತು. ಆದರೆ ಎರಡೂ ಕೈ ಗಾಯದ ಮೇಲಿದ್ದವು. ಎತ್ತಿದರೆ ಹುಡುಗಿ ಸಾಯುತ್ತಾಳೆ. ಅವನು ಎತ್ತಲಿಲ್ಲ.

ಸುತ್ತಿಗೆ ಬಿತ್ತು. ಮುದುಕನ ಬೆನ್ನು ಸೆಟೆಯಿತು. ಕೈ ಎತ್ತಲಿಲ್ಲ. ಮತ್ತೆ ಬಿತ್ತು. ಅವನ ಬಾಯಿಂದ ರಕ್ತ ಬಂತು. ಕೈ ಎತ್ತಲಿಲ್ಲ. ಮೂರನೆಯ ಏಟು. ಎಲುಬು ಲಟಕ್ಕೆಂದಿತು. ನಾಲ್ಕನೆಯದಕ್ಕೆ ಅವನು ಹುಡುಗಿಯ ಮೇಲೆಯೇ ಮಗುಚಿಬಿದ್ದ. ಅಕ್ಕ ನಿಲ್ಲಿಸಲಿಲ್ಲ. ಮೊಳೆಯ ತಲೆ ಗಾರೆಯೊಳಗೆ ಹೂತುಹೋದ ಮೇಲೂ ಹೊಡೆದಳು. ಗೋಡೆ ತಣ್ಣಗಾಗುವವರೆಗೂ ಹೊಡೆದಳು.

ಆಮೇಲೆ ಕೋಣೆಯಲ್ಲಿ ಅವಳ ಏದುಸಿರೊಂದೇ ಉಳಿಯಿತು.

ಮುದುಕನ ಹೆಣ ಅಲುಗಿತು. ಅದರಡಿಯಿಂದ ತಂಗಿ ತೆವಳಿ ಹೊರಬಂದಳು. ಮೈಯೆಲ್ಲ ರಕ್ತ, ಆದರೆ ಕೊರಳೆಲುಬಿನ ಕೆಳಗೆ ಸೊಳ್ಳೆ ಕಚ್ಚಿದಂಥ ಒಂದು ಕೆಂಪು ಚುಕ್ಕೆ ಮಾತ್ರ ಉಳಿದಿತ್ತು.

"ಪುಟ್ಟಿ! ನೀನು ಬದುಕ್ಕೊಂಡೆ ಕಣೇ!" ಸುತ್ತಿಗೆ ಬಿಸಾಡಿ ಅಕ್ಕ ಎರಡೂ ಕೈ ಚಾಚಿದಳು. ಬೆರಳುಗಳಿಗೆ ಬಿಳಿ ಎಳೆಗಳು ಅಂಟಿಕೊಂಡಿದ್ದವು.

ತಂಗಿ ಆ ಬೆರಳುಗಳನ್ನು ನೋಡಿದಳು. ಅವಳಿಗೆ ಪ್ರಜ್ಞೆ ತಪ್ಪಿರಲಿಲ್ಲ. ಎಲ್ಲವನ್ನೂ ನೋಡಿದ್ದಳು.

"ನಾನು ಕಣೇ. ನಿನ್ನ ಅಕ್ಕ."

"ಹತ್ರ ಬರ್ಬೇಡ."

ಹಲ್ಲಿಗೂ ಹೆದರುತ್ತಿದ್ದ ಹುಡುಗಿ ಆ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಎರಡೂ ಕೈಯಿಂದ ತಲೆಗೂದಲನ್ನು ಮುಚ್ಚಿಕೊಂಡಳು. ಅಕ್ಕನ ಮೇಲಿಟ್ಟ ಕಣ್ಣು ತೆಗೆಯದೆ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಮೆಟ್ಟಿಲಿಳಿದು ಹೋದಳು.