ಮೈಯಲ್ಲೇ ನಿಲ್ಲುವ ಗುಂಡು

ಮನೀಷನನ್ನು ಮೊದಲು ಕಂಡವರು ತನಿಯಪ್ಪ.

ಅವರು ಬೈಯುತ್ತಲೇ ಹುಡುಕಲು ಹೋಗಿದ್ದರು. ಊಟಕ್ಕೆ ಹೊತ್ತಾಗಿತ್ತು. ಬೆಳಿಗ್ಗೆ ಹೊಡೆದ ಕಡವೆಯ ಮಾಂಸ ಕಡಿದು ಪಾಲು ಮಾಡಿ ಆಗಿತ್ತು. ಮನೀಷ್ ಮಾತ್ರ ಫೋನ್ ಎತ್ತುತ್ತಿರಲಿಲ್ಲ. ಇಳಿಜಾರಿನ ಜರಿಗಿಡಗಳ ನಡುವೆ ಅವನು ಬೋರಲಾಗಿ ಬಿದ್ದಿದ್ದ. ದುರ್ಬೀನು ಕೊರಳಲ್ಲೇ ಇತ್ತು. ಬೆನ್ನಿನ ಅಂಗಿಯಲ್ಲಿ ಬೆರಳು ತೂರುವಷ್ಟೇ ಒಂದು ತೂತು.

ಡಿಟೆಕ್ಟಿವ್ ಸಾರ್ಜೆಂಟ್ ಜ್ಯೋತ್ಸ್ನಾ ಮೆಲ್ಬರ್ನ್‌ನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದಳು. ಅವಳು ಹುಟ್ಟಿದ್ದು ಉಡುಪಿಯಲ್ಲಿ, ಬೆಳೆದದ್ದು ಮೆಲ್ಬರ್ನ್‌ನಲ್ಲಿ. ಇಲ್ಲಿದ್ದವರೆಲ್ಲ ಕನ್ನಡ, ತುಳು ಮಾತಾಡುವವರು. ಹಾಗಾಗಿಯೇ ಈ ಕೇಸು ಅವಳಿಗೆ ಬಂದಿತ್ತು.

"ಗುಂಡು ಹಾರಿಸಿದ್ದು ಯಾರು?"

ಮೆಟ್ಟಿಲ ಮೇಲೆ ಕೂತಿದ್ದ ಯುವಕ ಕೈ ಎತ್ತಿದ. ಶಾಲೆಯಲ್ಲಿ ಹಾಜರಿ ಹೇಳುವವನ ಹಾಗೆ.

"ನಾನ ರೀ ಮೇಡಂ. ಗುರು ಅಂತ. ಗದಗದಾಂವ."

"ಯಾರಿಗೆ ಹೊಡೆದಿರಿ?"

"ಕಡವಿಗೆ ರೀ. ಗುಂಡು ಅದರ ಮೈಯಾಗಿಂದ ದಾಟಿ ಹೋತು. ಹಿಂದ ಮನೀಷ್ ಇದ್ದ."

ಬೇಟೆಗೆ ಬಂದವರು ನಾಲ್ವರು. ಜಮೀನು ತನಿಯಪ್ಪನವರದು. ಪ್ರತಿ ಫೆಬ್ರವರಿಯಲ್ಲಿ ಕೆಡ್ಡಸದ ದಿನಗಳಲ್ಲಿ ಅವರು ಇಲ್ಲಿ ಬೇಟೆ ಇಡುತ್ತಾರೆ. ಭೂಮಿತಾಯಿ ಮುಟ್ಟಾಗುವ ಮೂರು ದಿನ ಅದು. ತುಳುವರು ಆಗ ಮಣ್ಣು ಅಗೆಯುವುದಿಲ್ಲ. ಬೇಟೆ ಮಾತ್ರ ಹಿಂದಿನಿಂದ ಬಂದ ಪದ್ಧತಿ. ಎರಡನೆಯವನು ಸುಕೇಶ್. ಸಿಡ್ನಿಯವನು. 'ಸ್ಟೇಹಾರ್ಟ್' ಎಂಬ ಹೊಸ ರೈಫಲ್ ತೋಟೆಯನ್ನು ಈ ದೇಶದಲ್ಲಿ ಮಾರುವವನು. ಮೂರನೆಯವನು ಮನೀಷ್. ಬೇಟೆಯ ಸಾಮಾನುಗಳನ್ನು ಪರೀಕ್ಷೆ ಮಾಡಿ ವಿಡಿಯೋ ಹಾಕುತ್ತಿದ್ದ. ಜನ ಅವನ ಮಾತು ಕೇಳಿ ಕೊಳ್ಳುತ್ತಿದ್ದರು. ಗುರು ಅವನ ಗೆಳೆಯ. ಇಬ್ಬರ ಕೈಯಲ್ಲೂ, ಸುಕೇಶನ ಕೈಯಲ್ಲೂ ಅದೇ ಹೊಸ ತೋಟೆ.

ಡಬ್ಬಿಯ ಮೇಲೆ ಬರೆದಿತ್ತು: 'ಮುನ್ನೂರು ಮೀಟರಿನವರೆಗೂ ಗುಂಡು ಮೈ ಹೊಕ್ಕು ಅರಳುತ್ತದೆ. ಮೈಯಲ್ಲೇ ನಿಲ್ಲುತ್ತದೆ. ಹಿಂದಿದ್ದವರಿಗೆ ಅಪಾಯವಿಲ್ಲ.'

"ಮನೀಷ್ ಆ ಕಡೆ ಇದ್ದದ್ದು ಗೊತ್ತಿತ್ತಾ?"

"ಆ ಕಡೆ ಎಲ್ಲೋ ಅದಾನ ಅಂತ ಗೊತ್ತಿತ್ತು. ಡಬ್ಬಿ ಮ್ಯಾಲ ಬರದಿದ್ದು ನಂಬಿದೆ." ಗುರು ತಲೆ ತಗ್ಗಿಸಿದ. "ಓದೂದ ಕಲಿಬಾರದಿತ್ತು ನೋಡ್ರಿ."

"ಎಷ್ಟು ಸಲ ಹಾರಿಸಿದಿರಿ?"

"ಒಂದ ಸಲ. ಹಿಂದ ಗುಡ್ಡದಾಗ ಅದರ ಸಪ್ಪಳ ಮತ್ತ ಕೇಳಿಸ್ತು."

ಕಡವೆಯ ಪಕ್ಕೆ ಆಗಲೇ ತುಂಡುತುಂಡಾಗಿತ್ತು. ಸುಲಿದು ಕಡಿದವನು ಸುಕೇಶ್; ಚರ್ಮ, ಕರುಳು, ಎದೆಯ ಭಾಗ ಎಲ್ಲ ತೊರೆಗೆ ಎಸೆದಿದ್ದನಂತೆ. ಪೊಲೀಸರು ತೊರೆಯನ್ನು ಜಾಲಾಡಿದರು. ಏನೂ ಸಿಗಲಿಲ್ಲ. ನರಿ ಎಳೆದಿರಬೇಕು ಎಂದರು. ಮನೀಷನ ಎದೆ ದಾಟಿ ಹೋದ ಗುಂಡು ಕೂಡ ಗುಡ್ಡದಲ್ಲಿ ಎಲ್ಲೋ ಮಾಯವಾಗಿತ್ತು.

* * *

ಮೊದಲ ಅನುಮಾನ ಬಿದ್ದದ್ದು ತನಿಯಪ್ಪನವರ ಮೇಲೆ. ಹಿಂದಿನ ಸಂಜೆ ಅವರು ಮನೀಷನಿಗೆ ಕೂಗಾಡಿದ್ದರು. ದೈವಕ್ಕೆ ಕೈ ಮುಗಿಯುವಾಗ ಅವನು ಬಿಯರ್ ಕ್ಯಾನ್ ತೆರೆದಿದ್ದ.

"ಬೈದದ್ದು ಹೌದು," ಎಂದರು ತನಿಯಪ್ಪ. "ಬೈದವರೆಲ್ಲ ಕೊಲ್ಲುವುದಾದರೆ ನನ್ನ ಹೆಂಡತಿ ನನ್ನನ್ನು ಎಷ್ಟು ಸಲ ಕೊಲ್ಲಬೇಕಿತ್ತು ಮಗಳೇ?"

ಅವರದು ಹಳೆಯ ಕೋವಿ. ಅದರ ಗುಂಡು ದಪ್ಪ. ಮನೀಷನ ಬೆನ್ನಿನ ತೂತಿಗೆ ಅದು ಹೊಂದಲಿಲ್ಲ. ಅಲ್ಲಿಗೆ ಆ ದಾರಿ ಮುಗಿಯಿತು.

ಉಳಿದದ್ದು ಗುರು. ಅವನೇ ಒಪ್ಪಿಕೊಂಡಿದ್ದ.

* * *

ಮೆಲ್ಬರ್ನ್ ಪಕ್ಕದ ಬಾಕ್ಸ್ ಹಿಲ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಗುರು ಮತ್ತು ಮನೀಷನ ಮನೆಗಳು. ಒಬ್ಬನದು ಮೇಲೆ, ಒಬ್ಬನದು ಕೆಳಗೆ. ಮನೀಷನ ಹೆಂಡತಿ ಸಂಯುಕ್ತಾ ಬಾಗಿಲು ತೆರೆದು ಜ್ಯೋತ್ಸ್ನಾಳನ್ನು ಒಳಗೆ ಕರೆದಳು.

"ಗುರು ಬಂದಿದ್ದನಾ?"

"ಇಲ್ಲ. ಲಿಫ್ಟಲ್ಲಿ ನನ್ನ ಮುಖ ನೋಡಬೇಕಾಗತ್ತೆ ಅಂತ ಮೆಟ್ಟಿಲು ಹತ್ತಿ ಹೋಗ್ತಾನೆ. ಎಂಟು ಫ್ಲೋರ್." ಸಂಯುಕ್ತಾ ಗೋಡೆ ನೋಡಿದಳು. "ಬಂದ್ರೆ ನಾನು ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ."

"ಮನೀಷ್ ಈ ತೋಟೆ ಬಗ್ಗೆ ಏನಾದರೂ ಹೇಳಿದ್ದರಾ?"

"ವಿಡಿಯೋ ಮಾಡ್ತೀನಿ, ಸುಕೇಶ್ ಮುಖ ನೋಡ್ಕೊಂಡು ಹೇಳಿ ಆಮೇಲೆ ಹಾಕ್ತೀನಿ ಅಂದಿದ್ರು. ಬೆನ್ನ ಹಿಂದೆ ಹೇಳೋದು ಇವರಿಗೆ ಆಗ್ತಿರಲಿಲ್ಲ."

"ಚೆನ್ನಾಗಿದೆ ಅಂತಲೋ, ಇಲ್ಲ ಅಂತಲೋ?"

"ಚೆನ್ನಾಗಿದ್ರೆ ಮುಖ ನೋಡ್ಕೊಂಡು ಯಾಕೆ ಹೇಳಬೇಕು?"

ಮೇಲಿನ ಮನೆಯಲ್ಲಿ ಗುರು ನೆಲದ ಮೇಲೆ ಕೂತಿದ್ದ. ಜಾಮೀನಿನ ಮೇಲೆ ಹೊರಗಿದ್ದ. ಮುಂದಿನ ವಾರ ಕೋರ್ಟು. ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ಲಾಯರಿಗೆ ಹೇಳಿಬಿಟ್ಟಿದ್ದ. ಒಪ್ಪಿದರೆ ಜೈಲು. ಆಮೇಲೆ ಇಲ್ಲಿ ನೆಲೆಸಲು ಸಿಕ್ಕ ಪಿಆರ್ ರದ್ದು, ವಿಮಾನ ಹತ್ತಿಸಿ ಕಳಿಸುತ್ತಾರೆ.

"ಸ್ವಲ್ಪ ದಿನ ತಡೀರಿ."

"ಯಾಕ್ರಿ ಮೇಡಂ? ತಡದ್ರ ಮನೀಷ್ ಬರ್ತಾನೇನು?"

* * *

ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ, ಮಸಾಲೆ ಅಂಗಡಿಯ ಮೇಲೆ ಸುಕೇಶನ ಆಫೀಸು. ಗೋಡೆಯ ತುಂಬ ಪೋಸ್ಟರ್. ತೋಟೆ ಹಿಡಿದು ನಗುತ್ತಿರುವ ಸುಕೇಶ್.

"ಪೋಸ್ಟರಲ್ಲಿ ನೀವೇ!"

"ಹೀರೋ ಆಗ್ಲಿಕ್ಕೆ ಬೇರೆ ದಾರಿ ಇರಲಿಲ್ಲ ಮಾರಾಯ್ರೆ." ಅವನು ಕುರ್ಚಿ ಎಳೆದ. "ಕೂತುಕೊಳ್ಳಿ."

"ಗುಂಡು ಮೈಯಲ್ಲೇ ನಿಲ್ಲುತ್ತದೆ ಅಂತ ಬರೆದಿದ್ದೀರಿ."

"ಜಾಹೀರಾತು ಅಲ್ವಾ? ಕ್ರೀಮ್ ಹಚ್ಚಿ ಬೆಳ್ಳಗಾದವರನ್ನು ನೀವು ನೋಡಿದ್ದೀರಾ?"

"ಅಂದರೆ ಸುಳ್ಳು?"

"ಒಂದೊಂದು ಸಲ ದಾಟಿ ಹೋಗ್ತದೆ. ಕೋರ್ಟಲ್ಲಿ ಬೇಕಾದ್ರೂ ಹೇಳ್ತೇನೆ. ಪಾಪ, ಗುರು. ಅವನದ್ದು ಬರೀ ಆಕ್ಸಿಡೆಂಟ್."

"ನೀವು ಆಗ ಎಲ್ಲಿದ್ದಿರಿ?"

"ಗುರುವಿನ ಹಿಂದೆ, ಗುಡ್ಡದ ತುದಿಯಲ್ಲಿ. ತುಂಬ ದೂರ. ನಾನು ಗುಂಡು ಹಾರಿಸ್ಲೇ ಇಲ್ಲ."

"ನಿಮ್ಮ ಕೋವಿಯಲ್ಲಿ ಮಸಿ ಉಂಟು."

"ಹಿಂದಿನ ದಿನ ಎಲ್ಲರೂ ತಗಡಿನ ಡಬ್ಬಕ್ಕೆ ಹೊಡೆದಿದ್ದೇವೆ. ಎಲ್ಲರ ಕೋವಿಯಲ್ಲೂ ಉಂಟು."

ಅದು ನಿಜವೇ ಆಗಿತ್ತು. ಜ್ಯೋತ್ಸ್ನಾ ಎದ್ದಳು.

ವಿಮಾನದಲ್ಲಿ ಅವಳಿಗೆ ನೆಮ್ಮದಿ ಇರಲಿಲ್ಲ. ಮೀನು ಮಾರುವವಳು ತನ್ನ ಬುಟ್ಟಿಯ ಮೀನು ಹಳಸಿದೆ ಎಂದು ತಾನಾಗಿ ಹೇಳುವುದಿಲ್ಲ. ಜಗಳವಾಡುತ್ತಾಳೆ. ಮಂಜುಗಡ್ಡೆ ಸರಿಸಿ ಕಿವಿರು ತೋರಿಸುತ್ತಾಳೆ. ಈ ಮನುಷ್ಯ ಒಂದೇ ಪ್ರಶ್ನೆಗೆ ಬುಟ್ಟಿಯನ್ನೇ ಮಗುಚಿದ. ಯಾಕೆ?

ಇಳಿದವಳೇ ಲ್ಯಾಬಿಗೆ ಫೋನ್ ಮಾಡಿದಳು. ಸತ್ತ ಕಡವೆಯ ಮೈಯಷ್ಟೇ ಗಟ್ಟಿಯ ಜೆಲ್ಲಿ ಇಟ್ಟು ಆ ತೋಟೆ ಹಾರಿಸಿ ನೋಡಿ ಎಂದಳು. ಹತ್ತಿರದಿಂದ ಕೆಲವು ಸಲ. ಗುಡ್ಡದ ತುದಿಯಷ್ಟು ದೂರದಿಂದ ಕೆಲವು ಸಲ.

"ಆರೋಪಿ ಒಪ್ಪಿಕೊಂಡಿದ್ದಾನಲ್ಲ?" ಎಂದ ಲ್ಯಾಬಿನವನು.

"ಅವನು ಒಪ್ಪಿದ್ದು ಅವನಿಗೆ ಗೊತ್ತಿಲ್ಲದ್ದನ್ನು."

* * *

ಫಲಿತಾಂಶ ಬಂತು.

ಹತ್ತಿರದಿಂದ ಹಾರಿಸಿದ ಗುಂಡು ಪ್ರತಿ ಸಲವೂ ಅಣಬೆಯ ಹಾಗೆ ಅರಳಿತ್ತು. ಪ್ರತಿ ಸಲವೂ ಒಳಗೇ ನಿಂತಿತ್ತು. ಜಾಹೀರಾತು ನಿಜ. ದೂರದಿಂದ ಹಾರಿಸಿದ್ದು, ಮುನ್ನೂರು ಮೀಟರಿನ ಒಳಗೇ ಆದರೂ, ಒಂದೂ ಅರಳಲಿಲ್ಲ. ಸೂಜಿಯ ಹಾಗೆ ತೂರಿ ಆ ಕಡೆಯಿಂದ ಹೊರಬಿದ್ದಿತ್ತು. ಜಾಹೀರಾತು ಸುಳ್ಳು.

ಗುರು ಕಡವೆಗೆ ಹೊಡೆದದ್ದು ಹತ್ತಿರದಿಂದ.

ಆದರೆ ಲ್ಯಾಬಿನ ಜೆಲ್ಲಿ ಬೇರೆ, ಆ ದಿನದ ಕಡವೆ ಬೇರೆ. ಎದುರಿನ ಲಾಯರು ಅದನ್ನೇ ಹಿಡಿಯುತ್ತಾನೆ. ಆ ಕಡವೆಯೇ ಬೇಕಿತ್ತು.

* * *

ಜಮೀನಿನ ಮನೆಗೆ ಮತ್ತೆ ಬಂದ ಜ್ಯೋತ್ಸ್ನಾಳಿಗೆ ತನಿಯಪ್ಪನವರ ಹೆಂಡತಿ ಪ್ರಫುಲ್ಲಾ ಟೀ ತಂದಿಟ್ಟರು. ಇಬ್ಬರೂ ತುಳುವಿನಲ್ಲಿ ಮಾತಾಡಿದರು. ಗುಂಡಿನ ಸದ್ದು ಎಷ್ಟು ಸಲ ಕೇಳಿತು ಎಂದು ಜ್ಯೋತ್ಸ್ನಾ ಕೇಳಿದಳು.

"ಎರಡು. ಇವರು ಹೇಳಿದರು, ಎರಡನೆಯದು ಗುಡ್ಡದ ಮಾರ್ದನಿ ಅಂತ. ಅವರಿಗೆ ಎಲ್ಲ ಗೊತ್ತಲ್ಲ, ನಾನು ಸುಮ್ಮನಾದೆ."

ಕೈ ತೊಳೆಯಲು ಜ್ಯೋತ್ಸ್ನಾ ಹಿತ್ತಲಿಗೆ ಹೋದಳು. ಶೆಡ್ಡಿನ ಹಿಂದೆ ನೆಲದ ಮೇಲೆ ಎಣ್ಣೆ ಹೊಳೆಯುತ್ತಿತ್ತು. ಸುತ್ತ ಅರಸಿನ. ಒಂದು ದಾಸವಾಳ. ಹೂವು ಇನ್ನೂ ಬಾಡಿರಲಿಲ್ಲ.

ಕೆಡ್ಡಸದ ಕೊನೆಯ ದಿನ ಹೆಂಗಸರು ಭೂಮಿಗೆ ಎಣ್ಣೆ ಅರಸಿನ ಎರೆದು ಸ್ನಾನ ಮಾಡಿಸುತ್ತಾರೆ. ಅವಳ ತಾಯಿಯೂ ಮಾಡುತ್ತಿದ್ದರು. ಆದರೆ ಅದು ತುಳಸಿಯ ಹತ್ತಿರ, ಒಂದೇ ದಿನ. ಕೆಡ್ಡಸ ಮುಗಿದು ಎಷ್ಟೋ ದಿನವಾಗಿದೆ.

"ಆಂಟಿ, ಇಲ್ಲಿ ಯಾಕೆ ಎಣ್ಣೆ?"

ಪ್ರಫುಲ್ಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ದಿನಾ ಹಾಕುತ್ತೇನೆ. ತಪ್ಪಾಯಿತು ತಾಯಿ ಅಂತ. ಕೆಡ್ಡಸದ ನಡುವಿನ ದಿನ ಇಲ್ಲಿ ಯಾರೋ ಮಣ್ಣು ಅಗೆದಿದ್ದರು. ನನ್ನ ಹಿತ್ತಲಲ್ಲಿ! ಒಗೆದ ಬಟ್ಟೆ ಒಣಹಾಕಲು ಬಂದಾಗ ನೋಡಿದೆ. ಹಸಿ ಗುಂಡಿ, ಮೇಲೆ ಸಡಿಲ ಮಣ್ಣು. ಅದಾಗಿ ಸ್ವಲ್ಪ ಹೊತ್ತಿಗೆ ಆ ಹುಡುಗನ ಹೆಣ ಸಿಕ್ಕಿತು. ಭೂಮಿಗೆ ಗಾಯ ಮಾಡಿದ್ದಕ್ಕೆ ರಕ್ತ ಕೇಳಿದಳು."

"ಗುಂಡಿಯಲ್ಲಿ ಏನಿತ್ತು?"

"ಕಪ್ಪು ಚೀಲ. ಕಡವೆಯ ಚರ್ಮ, ಹೊಟ್ಟೆ, ಎದೆ. ಆ ಮೂರು ದಿನ ಏನನ್ನೂ ಹೂಳಬಾರದು. ಎಳೆದು ತೆಗೆದೆ. ಆಮೇಲೆ ಹೂಳುವ ಅಂತ ಹಳೇ ಫ್ರೀಜರಿನಲ್ಲಿ ಇಟ್ಟೆ. ಆಮೇಲೆ ಪೊಲೀಸರು ಬಂದರು, ನನಗೆ ಧೈರ್ಯ ಬರಲಿಲ್ಲ."

"ಯಾರಿಗೂ ಯಾಕೆ ಹೇಳಲಿಲ್ಲ?"

"ಯಾರು ಕೇಳಿದರು? ತೊರೆ ಎಲ್ಲಿ ಅಂತ ಕೇಳಿದರು. ತೋರಿಸಿದೆ."

ಜ್ಯೋತ್ಸ್ನಾ ಫ್ರೀಜರಿನ ಮುಚ್ಚಳ ಎತ್ತಿದಳು. ಕಪ್ಪು ಚೀಲ ಹಿಮ ಹಿಡಿದು ಕಲ್ಲಾಗಿತ್ತು.

* * *

ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಸುಕೇಶನದು ಹೊಸ ಮನೆ. ಸಿಡ್ನಿಯ ಇಬ್ಬರು ಪೊಲೀಸರು ಬಾಗಿಲಲ್ಲಿ ನಿಂತರು. ಜ್ಯೋತ್ಸ್ನಾ ಸೋಫಾದಲ್ಲಿ ಕೂತಳು.

"ನಿಮ್ಮ ತೋಟೆಯ ಬಗ್ಗೆ ಒಳ್ಳೆಯ ಸುದ್ದಿ ಸುಕೇಶ್. ಹತ್ತಿರದಿಂದ ಅದು ಡಬ್ಬಿಯ ಮೇಲೆ ಬರೆದ ಹಾಗೇ ಕೆಲಸ ಮಾಡುತ್ತದೆ."

ಸುಕೇಶ್ ನಗಲಿಲ್ಲ.

"ಗುರುವಿನ ಗುಂಡು ಕಡವೆಯ ಎದೆಯೊಳಗೇ ಸಿಕ್ಕಿತು. ಅರಳಿ, ಅಣಬೆಯಾಗಿ. ಚರ್ಮದಲ್ಲಿ ಒಂದೇ ತೂತು. ಒಳಗೆ ಹೋದದ್ದು ಉಂಟು, ಹೊರಗೆ ಬಂದದ್ದು ಇಲ್ಲ. ಅಂದಮೇಲೆ ಮನೀಷನಿಗೆ ಬಡಿದದ್ದು ಬೇರೆ ಗುಂಡು."

"ಚರ್ಮ ತೊರೆಗೆ—"

"ತೊರೆಗೆ ಎಸೆದೆ ಅಂದಿರಿ. ನೀವು ಹೂತದ್ದು ಶೆಡ್ಡಿನ ಹಿಂದೆ. ಪ್ರಫುಲ್ಲಾ ಆಂಟಿ ಅದನ್ನು ತೆಗೆದು ಫ್ರೀಜರಿನಲ್ಲಿ ಇಟ್ಟಿದ್ದರು. ಚೀಲದ ಮೇಲೆ ನಿಮ್ಮ ಬೆರಳಚ್ಚು ಉಂಟು."

ಸುಕೇಶನ ಹೆಂಡತಿ ಅನಘಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಮನೀಷನ ಮೈಯಲ್ಲಿ ಒಳಗೆ ಹೋದ ತೂತೂ ಸಣ್ಣದು, ಹೊರಬಂದದ್ದೂ ಸಣ್ಣದು. ಗುಂಡು ಅರಳಲೇ ಇಲ್ಲ. ನಿಮ್ಮ ಗುಂಡು ಅರಳದೇ ಇರುವುದು ದೂರದಿಂದ ಬಂದಾಗ ಮಾತ್ರ. ಅದು ಮೇಲಿನಿಂದ ಕೆಳಕ್ಕೆ ಹೋಗಿದೆ. ಕಡವೆಯ ಮೂಳೆಗೆ ತಾಗಿ ಓರೆಯಾಗಿದೆ ಅಂದುಕೊಂಡಿದ್ದೆವು. ಕಡವೆಗೆ ತಾಗಲೇ ಇಲ್ಲವಲ್ಲ. ದೂರದಲ್ಲಿ, ಎತ್ತರದಲ್ಲಿ, ಆ ತೋಟೆ ಹಿಡಿದು ಇದ್ದದ್ದು ನೀವೊಬ್ಬರೇ. ಗುರು ಹಾರಿಸುವವರೆಗೂ ಕಾದಿರಿ. ಅವನ ಸದ್ದಿನ ಬೆನ್ನಿಗೇ ಹಾರಿಸಿದಿರಿ. ಎಲ್ಲರೂ ಮಾರ್ದನಿ ಅಂದುಕೊಂಡರು."

"ನಾನು ಯಾಕೆ ಅವನನ್ನು ಕೊಲ್ಲಬೇಕು?"

"ದೂರಕ್ಕೆ ಅರಳುವುದಿಲ್ಲ ಅಂತ ಮನೀಷ್ ಕಂಡುಹಿಡಿದಿದ್ದ. ನಿಮಗೆ ಹೇಳಿಯೇ ವಿಡಿಯೋ ಹಾಕಬೇಕು ಅಂತ ಇದ್ದ. ಹೇಳಿದನಲ್ಲ?"

ಸುಕೇಶ್ ಬಾಗಿಲಲ್ಲಿದ್ದ ಪೊಲೀಸರ ಕಡೆ ನೋಡಿದ.

"ಅವನು ತೋರಿಸಬೇಕಿದ್ದ ದೋಷದಿಂದಲೇ ಅವನನ್ನು ಕೊಂದಿರಿ. ಆಮೇಲೆ ನನ್ನ ಹತ್ತಿರ ನಿಮ್ಮ ಸರಕನ್ನೇ ಹಳಿದಿರಿ. ಅಲ್ಲೇ ನನಗೆ ಅನುಮಾನ ಬಂತು. ನಿಜವಾದ ವ್ಯಾಪಾರಿ ಹತ್ತು ಸಲ ಆಣೆ ಹಾಕುತ್ತಿದ್ದ. ನೀವು ಆಣೆ ಹಾಕಿದ್ದರೆ ಗುರು ಬಿಡುಗಡೆಯಾಗುತ್ತಿದ್ದ."

ಅನಘಾ ಮೆಲ್ಲಗೆ ಕೇಳಿದಳು. "ಕೆಡ್ಡಸದ ದಿನ ಮಣ್ಣು ಅಗೆದ್ರಾ?"

ಸುಕೇಶ್ ತಟ್ಟನೆ ತಿರುಗಿದ. "ಇದು ಆಸ್ಟ್ರೇಲಿಯಾ ಮಾರಾಯ್ತಿ! ಇಲ್ಲಿಯ ಮಣ್ಣಿಗೆ ಎಂಥ ಕೆಡ್ಡಸ?"

ಹೇಳಿದ ಮೇಲೆ ಅವನಿಗೆ ಅರ್ಥವಾಯಿತು, ಅಗೆದದ್ದನ್ನು ತಾನೇ ಒಪ್ಪಿಕೊಂಡೆ ಎಂದು. ಬಾಗಿಲಲ್ಲಿದ್ದ ಪೊಲೀಸರು ಒಳಗೆ ಬಂದರು.

* * *

ಮೇಲಿನ ತನ್ನ ಮನೆಯ ಬಾಗಿಲಲ್ಲಿ ಗುರು ಎಲ್ಲವನ್ನೂ ನಿಂತೇ ಕೇಳಿದ. ಕೇಸು ಬಿದ್ದು ಹೋಗುತ್ತದೆ ಎಂದು ಜ್ಯೋತ್ಸ್ನಾ ಹೇಳಿದಾಗ ಬರೀ ತಲೆಯಾಡಿಸಿದ.

"ಒಂದ ಮಾತು ಕೇಳ್ತೀನ್ರಿ. ಅವ ತಕ್ಷಣ ಹೋದನೇನು?"

ಅವಳು ಸುಳ್ಳು ಹೇಳಬಹುದಿತ್ತು.

"ಇಲ್ಲ. ಅರಳದ ಗುಂಡು ಬೇಗ ಕೊಲ್ಲುವುದಿಲ್ಲ. ಸ್ವಲ್ಪ ಹೊತ್ತು ಜೀವ ಇತ್ತು ಅಂತ ಡಾಕ್ಟರ್ ಹೇಳಿದ್ದಾರೆ."

"ನಾವು ಅಲ್ಲೇ ಇದ್ವಿ. ಕಡವಿ ಮುಂದ ನಿಂತು ಫೋಟೋ ತಕ್ಕೊಳ್ಳಾಕತ್ತಿದ್ವಿ. ಫೋಟೋ ತಗದಾಂವ ಸುಕೇಶ. ನಗು ಅಂದ. ನಾ ನಕ್ಕೆ."

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

"ಇದನ್ನ ಸಂಯುಕ್ತಾಗ ಯಾರು ಹೇಳ್ತಾರ್ರಿ?"

"ಅದು ನನ್ನ ಕೆಲಸ."

"ಬ್ಯಾಡ್ರಿ. ನಾ ಹೇಳ್ತೀನಿ."

ಅವನು ಮೆಟ್ಟಿಲ ಕಡೆ ಹೋಗಲಿಲ್ಲ. ಲಿಫ್ಟಿನ ಗುಂಡಿ ಒತ್ತಿದ. ಜ್ಯೋತ್ಸ್ನಾ ಅವನ ಜೊತೆ ಇಳಿದು, ಕೆಳಗಿನ ಕಾರಿಡಾರಿನಲ್ಲಿ ದೂರ ನಿಂತಳು. ಗುರು ಬಾಗಿಲು ತಟ್ಟಿದ.

"ಯಾರು?"

"ನಾನ. ಗುರು."

ಒಳಗೆ ಸದ್ದಿಲ್ಲ. ಅವನು ಕಾದ. ಹೋಗಲಿಲ್ಲ, ಮತ್ತೆ ತಟ್ಟಲೂ ಇಲ್ಲ. ತುಂಬ ಹೊತ್ತಾದ ಮೇಲೆ ಚಿಲಕ ಸರಿಯಿತು.