ಜರ್ಮನಿಗೆ ಹೋದ ರೊಟ್ಟಿ

ಕುಕನೂರಿನ ರೂಪಾಳ ರೊಟ್ಟಿ ಕೇಂದ್ರಕ್ಕೆ ಆ ಹುಡುಗ ಬಂದಾಗ ಬೆಳಗಿನ ಹತ್ತು ಗಂಟೆ. ಕೈಯಲ್ಲಿ ಮಡಚಿದ ಪ್ಲಾಸ್ಟಿಕ್ ಕವರ್. ಅದರ ಮೇಲೆ ಅವಳದೇ ಕೇಂದ್ರದ ಹೆಸರು, ಫೋನ್ ನಂಬರು.

"ಅಕ್ಕಾರ, ನಾ ಶಾನವಾಜ ಅಂತ್ರಿ, ಗಂಗಾವತಿಯಾಂವ. ಜರ್ಮನಿಯೊಳಗ ಓದತೀನಿ. ನಿಮ್ಮೂರ ವಿರುಪಾಕ್ಷಿ ನನ್ನ ರೂಮ್‌ಮೇಟ್."

ಆ ಹೆಸರು ಕೇಳಿದ್ದೇ ತಡ, ರೂಪಾಳ ಕೈ ಮುಂಗುರುಳಿಗೆ ಹೋಯಿತು. ಕೂದಲು ಸರಿಯಾಗಲಿಲ್ಲ, ಹಣೆಗೆಲ್ಲ ಜೋಳದ ಹಿಟ್ಟು ಮೆತ್ತಿತು.

ಕೊಪ್ಪಳದ ಕಾಲೇಜಿನಲ್ಲಿ ಜೊತೆಗೆ ಓದಿದವನು ವಿರುಪಾಕ್ಷಿ. ಅವನು ಓದಲು ವಿಮಾನ ಹತ್ತಿದ ಮೇಲೆ, ಅವನ ಖರ್ಚು ಇಳಿಸುವುದೇ ಅವಳ ಪ್ರೀತಿಯಾಗಿತ್ತು. ಸಂಜೆ ಹೋದರೆ ಬ್ರೆಡ್ ಅರ್ಧ ಬೆಲೆಗೆ ಸಿಗುತ್ತದೆ ಎಂದು ಅವನು ಹೇಳಿದರೆ, "ಅದ್ಯಾಕ, ನಾ ಇಲ್ಲೇನು?" ಎನ್ನುತ್ತಿದ್ದಳು. ಆ ಕಡೆ ಹೊರಟವರು ಯಾರು ಸಿಕ್ಕರೂ ಅವರ ಬ್ಯಾಗಿನಲ್ಲಿ ಒಣಗಿಸಿದ ನೂರು ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ.

ಒಮ್ಮೆ ಕಟಿಂಗಿನ ದುಡ್ಡು ಉಳಿಸಲು ತಾನೇ ಕತ್ತರಿ ಹಿಡಿದು ಕೂತಿದ್ದ. ವಿಡಿಯೋ ಕಾಲ್‌ನಲ್ಲಿ ನೋಡಿ ಅವಳು ಬಿದ್ದು ಬಿದ್ದು ನಕ್ಕಳು.

"ಥೇಟ್ ಉಣ್ಣೆ ಕತ್ತರಿಸಿದ ಕುರಿ ಹಂಗ ಕಾಣ್ತಿ."

ಅವನು ಮುಖ ಹತ್ತಿರ ತಂದು, "ಈ ಕುರಿ ಯಾರ ಹಟ್ಟಿದು?" ಅಂದಿದ್ದ. ಅವಳಿಗೆ ಉತ್ತರ ಗೊತ್ತಿತ್ತು. ಕಣ್ಣು ತಗ್ಗಿಸಿದ್ದಳು. ಉಳಿದ ದುಡ್ಡಿನಲ್ಲಿ ದೀಪಾವಳಿಗೆ ಟಿಕೆಟ್, ಬಂದವನೇ ಅವಳ ಅಪ್ಪನ ಮುಂದೆ ಮದುವೆಯ ಮಾತು. ಅದು ಇಬ್ಬರೂ ಕೂಡಿ ಮಾಡಿದ ತೀರ್ಮಾನ.

"ಏನ್ ಬೇಕಿತ್ತು ತಮ್ಮಾ?" ರೂಪಾ ಶಾನವಾಜನನ್ನು ಕೇಳಿದಳು.

"ಇನ್ನೂರು ರೊಟ್ಟಿ ಕಟ್ರಿ, ನಾನೇ ಒಯ್ತೀನಿ. ವಿರುಪಾಕ್ಷಿ ನಮಗ ಒಂದಕ್ಕ ಐವತ್ತು ರೂಪಾಯಿ ಹಚ್ಚತಾನ್ರಿ. ನೇರ ನಿಮ್ಮ ಹತ್ರ ತಗೊಂಡ್ರ ಅಗ್ಗ ಬೀಳ್ತದ."

ರೂಪಾಗೆ ಮೊದಲು ನಗುವೇ ಬಂತು. ಮಾರಿಕೊಳ್ಳಲಿ, ಟಿಕೆಟ್ಟಿಗಾದೀತು. ಆದರೂ ಕೇಳಿದಳು, "ಅವಗ ಯಾರು ಕಳಸ್ತಾರಂತ?"

"ಊರಾಗ ಒಬ್ಬಾಕಿ ಹುಚ್ಚಿ ಅದಾಳಂತ್ರಿ. ಕೇಳಿದಷ್ಟು ಪುಕ್ಕಟೆ ಕಳಸ್ತಾಳ ಅಂತ ಹೇಳಿ ನಗತಾನ. ನಿಮ್ಮ ಹತ್ರನ ಕೊಳ್ತಿರಬೇಕು ಆಕಿ."

ರೂಪಾ ಇನ್ನೂರು ರೊಟ್ಟಿ ಎಣಿಸಿ ಕಟ್ಟಿಕೊಟ್ಟಳು. ಒಂದೂ ಮುರಿಯಲಿಲ್ಲ.

ಮಧ್ಯಾಹ್ನ ವಿರುಪಾಕ್ಷಿಗೆ ಫೋನ್ ಹಚ್ಚಿದಳು.

"ಆ ಹುಚ್ಚಿ ಮಾತಾಡ್ತೀನಿ."

ಆ ಕಡೆಯಿಂದ ಸಣ್ಣ ದನಿ: "ಶಾನವಾಜ ಬಂದಿದ್ನೇನು? ರೂಪಾ, ಹುಡುಗ್ರು ಚಾಷ್ಟಿ ಮಾಡಿ ನಗ್ತಾರಂತ ಹಂಗಂದೆ."

"ರೊಟ್ಟಿ ಮಾರಿದ್ದಕ್ಕ ನನಗ ಸಿಟ್ಟಿಲ್ಲ. ಎಲ್ಲಾದ್ರಾಗೂ ಉಳಿಸು ಅಂತ ಕಲಿಸಿದಾಕಿನ ನಾನು. 'ನನ್ನಾಕಿ ಮಾಡ್ಯಾಳ' ಅನ್ನಾಕ ನಿನಗ ಎಷ್ಟು ಖರ್ಚ ಬರ್ತಿತ್ತು?"

"ತಪ್ಪಾತು. ದೀಪಾವಳಿಗೆ ಬಂದು ನಿಮ್ಮಪ್ಪನ ಮುಂದ ಎಲ್ಲಾ ಹೇಳ್ತೀನಿ. ಬರಲೇನು?"

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ.

"ಬರ್ರಿ. ರೊಟ್ಟಿ ಬೇಕಂದ್ರ ಎರಡು ದಿನ ಮೊದಲ ಹೇಳ್ರಿ."

"ಇದೇನ ರೂಪಾ, ನನಗ 'ರಿ' ಹಚ್ಚಿ ಮಾತಾಡ್ತಿ?"

"ಗಿರಾಕಿಗೆ ನಾ ಹಂಗ ಮಾತಾಡೋದ್ರಿ."