ಹೃದಯಕ್ಕೆ ತುಂಬಿದ ಅರಳೆ

“ಯಾರೂ ಮುಟ್ಬ್ಯಾಡಿ ಅದ! ಒಂದೇ ಒಂದೂ ಈ ಒಸ್ಲು ದಾಟ್ಕೂಡ್ದು!”

ಭದ್ರಮ್ಮನ ಆ ಕೂಗಿಗೆ ಹಾರನಹಳ್ಳಿಯ ಆ ಮನೆಯ ಪಡಸಾಲೆಯೇ ಬೆಚ್ಚಿಬಿದ್ದಿತು. ಕಂಬಕ್ಕೆ ಬಾಳೆಕಂದು ಕಟ್ಟುತ್ತಿದ್ದ ಮಗ ಚಲುವರಾಜು ಸ್ಟೂಲಿನ ಮೇಲಿಂದಲೇ ತಿರುಗಿ ನೋಡಿದ. ಸೊಸೆ ಪವಿತ್ರಾಳ ಕೈಯಲ್ಲಿದ್ದ ಅರಿಶಿನದ ಬಟ್ಟಲು ವಾಲಿ ಅರ್ಧ ಅರಿಶಿನ ನೆಲದ ಪಾಲಾಯಿತು. ಜಮಖಾನದ ಮೇಲೆ ಸಾಲಾಗಿ ಇಟ್ಟಿದ್ದ ತಾಂಬೂಲದ ತಟ್ಟೆಗಳಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ. ಅದರ ಮೇಲೆ ಉಲ್ಲನ್ ದಾರದಲ್ಲಿ ಹೆಣೆದು ಅರಳೆ ತುಂಬಿದ ಒಂದೊಂದು ಕೆಂಪು ಹೃದಯ. ಅವುಗಳಲ್ಲೊಂದು ಭದ್ರಮ್ಮನ ಕೈಯಲ್ಲಿತ್ತು. ಅದನ್ನು ಮೂಗಿಗೆ ಹಿಡಿದು ನಿಂತಿದ್ದ ಆಕೆಯ ಮುಖ ಸುಣ್ಣದಂತೆ ಬಿಳಿಚಿತ್ತು.

ಮನೆಮಗಳು ರಮ್ಯಾಳ ಸೀಮಂತದ ದಿನ! ಇನ್ನೊಂದು ಗಳಿಗೆಗೆ ಸಾಲಿಗ್ರಾಮದಿಂದ ಬೀಗರ ವ್ಯಾನು ಬರುವುದಿತ್ತು. ಇಂಥ ಹೊತ್ತಿನಲ್ಲಿ ಹೀಗೆ ಬಾಯಿ ಮಾಡುವುದೇ? ಆದರೆ ಭದ್ರಮ್ಮನ ಬಾಯಿ ಊರಿಗೇ ಗೊತ್ತಿದ್ದ ಬಾಯಿ. ಅದರಲ್ಲೂ ಎಚ್.ಡಿ. ಕೋಟೆ ಸೀಮೆಯಿಂದ ಸೊಸೆಯಾಗಿ ಬಂದ ಪವಿತ್ರಾಳ ಪಾಲಿಗೆ ಅದು ಒಂದು ದಿನವೂ ಮುಚ್ಚಿದ್ದಿಲ್ಲ. ಹೊಗೆಸೊಪ್ಪು ಕಡ್ಡಿಗೆ ಕಟ್ಟಲು ಕೂತರೆ “ನಿನ್ ಕೈಗೆ ಏನ್ ಬಂದದೆ?”, ಸಾರು ಮಾಡಿದರೆ “ನಿಮ್ಮೂರಲ್ಲಿ ಉಪ್ಪೇ ಸಿಕ್ಕಕಿಲ್ವಾ?”. ಎರಡು ವರ್ಷದಲ್ಲಿ ಅತ್ತೆಯ ಬಾಯಿಂದ ‘ಚೆನ್ನಾಗದೆ’ ಎಂಬ ಒಂದು ಮಾತಿಗಾಗಿ ಆ ಹುಡುಗಿ ಕಾದದ್ದೇ ಬಂತು. ಮಾವನಿದ್ದಿದ್ದರೆ ಅವರಾದರೂ ಹೇಳುತ್ತಿದ್ದರೇನೋ! ಆದರೆ ಮಾವ ಮಂಟಯ್ಯ ಇವಳು ಮನೆ ತುಂಬುವ ಮೊದಲೇ ತೀರಿಕೊಂಡಿದ್ದರು. ಅವಳು ಕಂಡದ್ದು ಗೋಡೆಯ ಮೇಲಿನ ಫೋಟೋ ಒಂದನ್ನೇ.

ಈ ಹೃದಯಗಳ ಆಸೆ ಹುಟ್ಟಿದ್ದು ರಮ್ಯಾಗೆ. ಅತ್ತಿಗೆ ಹುಣಸೂರಿನ ಹೊಲಿಗೆ ಕ್ಲಾಸಿನಲ್ಲಿ ಕ್ರೋಶಾ ಹೆಣಿಗೆ ಕಲಿತವಳು ಎಂಬುದೇ ಅವಳಿಗೆ ಹೆಮ್ಮೆ. “ಅತ್ಗೇ, ನನ್ ಸೀಮಂತಕ್ ಬಂದೋರ್ಗೆ ಸ್ಟೀಲ್ ಡಬ್ಬಿ ಬ್ಯಾಡ. ಎಲ್ಲಾರ್ ಮನೇಲೂ ಅದೇ. ನೀವ್ ಕೈಯಾರೆ ಮಾಡಿದ್ದೇ ಕೊಡ್ಬೇಕು. ನಾನ್ ಕೂರೋ ಕುರ್ಚಿಗೂ ಸರ ಮಾಡಿ ಕಟ್ಬೇಕು,” ಎಂದು ಫೋನಿನಲ್ಲೇ ಮುದ್ದು ಮಾಡಿದ್ದಳು. ಪವಿತ್ರಾಗೆ ಅಷ್ಟು ಸಾಕಾಯಿತು! ಮನೆಗೆಲಸ ಮುಗಿಸಿ ಕೂತರೆ ಹೆಣಿಗೆಯ ಕಡ್ಡಿ ಬಿಡುತ್ತಿರಲಿಲ್ಲ. ಎರಡು ಪುಟ್ಟ ಟೋಪಿಗಳಂತೆ ಹೆಣೆದು, ಎರಡನ್ನೂ ಒಂದಕ್ಕೊಂದು ಕೂಡಿಸಿ, ಸುತ್ತು ಸುತ್ತಿಗೂ ಕುಣಿಕೆ ಕಡಿಮೆ ಮಾಡುತ್ತಾ ತುದಿಗೆ ತಂದು, ಬಾಯಿ ಮುಚ್ಚುವ ಮೊದಲು ಒಳಗೆ ಅರಳೆ ತುಂಬಬೇಕು. ಅರಳೆ ಕಡಿಮೆಯಾದರೆ ಹೃದಯ ಸೊಟ್ಟಗಾಗುತ್ತದೆ, ಹೆಚ್ಚಾದರೆ ಕುಣಿಕೆಗಳ ಸಂದಿಯಿಂದ ಬೆಳ್ಳಗೆ ಇಣುಕುತ್ತದೆ.

ಆ ಅರಳೆಯೇ ಎಡವಟ್ಟು ಮಾಡಿದ್ದು. ತುಂಬುವುದಕ್ಕೆಂದು ಪಿರಿಯಾಪಟ್ಟಣದ ಅಂಗಡಿಯಲ್ಲಿ ಹೇಳಿಟ್ಟಿದ್ದ ಹತ್ತಿ ಸಮಯಕ್ಕೆ ಬರಲೇ ಇಲ್ಲ. ಹೆಣೆದ ಹೃದಯಗಳೆಲ್ಲ ಖಾಲಿ ಚೀಲಗಳಂತೆ ಬುಟ್ಟಿಯಲ್ಲಿ ಬಿದ್ದಿದ್ದವು. ಹಿತ್ತಾಳೆ ತಟ್ಟೆ ಇಳಿಸಲು ಅಟ್ಟ ಹತ್ತಿದ ಪವಿತ್ರಾಗೆ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ್ದ ಒಂದು ಹಳೇ ದಿಂಬು ಸಿಕ್ಕಿತು. ಒಳಗೆ ಮೆತ್ತನೆಯ ಬೂರುಗದ ಅರಳೆ! ಗಂಡನನ್ನು ಕೇಳಿದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿಯ ಮುಂದೆ ಬೆವರುತ್ತಿದ್ದ ಚಲುವರಾಜು ತಿರುಗಿಯೂ ನೋಡದೆ, “ಅಟ್ಟದ್ ಮ್ಯಾಲಿಂದಾ? ಯಾರ್ದೋ ಏನೋ, ತಗೋ ಬುಡು,” ಎಂದಿದ್ದ. ಅತ್ತೆಯನ್ನು ಅವಳು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂಬ ಹೆದರಿಕೆ ಒಂದಾದರೆ, ಎಲ್ಲ ಮುಗಿಸಿ ತೋರಿಸಿ ಸೈ ಎನಿಸಿಕೊಳ್ಳುವ ಆಸೆ ಇನ್ನೊಂದು. ಪಾಪದ ಹುಡುಗಿ... ಮಾಡಿದ ತಪ್ಪು ಅದೊಂದೇ!

“ಏನವ್ವಾ ನಿಂದು?” ಚಲುವರಾಜು ಸ್ಟೂಲಿನಿಂದ ಧುಮುಕಿದ. “ಆ ಉಡ್ಗಿ ಕಣ್ ಕಿತ್ಕಂಡು ಮಾಡವ್ಳೆ. ಇವತ್ತೊಂದ್ ದಿನಾನಾರ ನೆಮ್ಮದಿಯಾಗಿ ಇರಾಕ್ ಬುಡು ಅವ್ಳ!”

ಭದ್ರಮ್ಮ ತಟ್ಟೆ ತಟ್ಟೆಯಿಂದ ಹೃದಯಗಳನ್ನು ಬಾಚಿ ಬಾಚಿ ಸೆರಗಿಗೆ ತುಂಬಿಕೊಂಡಳು. ಕುರ್ಚಿಗೆ ಕಟ್ಟಿದ್ದ ಸರವನ್ನೂ ಬಿಚ್ಚಿದಳು. ಹಿಂದಿನ ಕೋಣೆಗೆ ನಡೆದು, ಹಿಂಬಾಲಿಸಿ ಬಂದ ಸೊಸೆಯನ್ನು ಒಳಗೆಳೆದುಕೊಂಡು ಬಾಗಿಲು ಮುಂದೆ ಮಾಡಿದಳು.

“ಎಲ್ಲಿತ್ತೇ ಈ ಅರಳೆ?”

“ಅಟ್ಟದ್ ಮ್ಯಾಲೆ... ಟ್ರಂಕಲ್ಲಿ... ಅಳೇ ದಿಂಬು ಅಂತ...”

ಭದ್ರಮ್ಮನ ಕೈ ಮೇಲೆದ್ದಿತು. ಪವಿತ್ರಾ ಕಣ್ಣು ಮುಚ್ಚಿದಳು. ಆದರೆ ಏಟು ಬಿದ್ದದ್ದು ಅವಳ ಕೆನ್ನೆಗಲ್ಲ, ಭದ್ರಮ್ಮನ ಹಣೆಗೇ! “ಅದು ನಿಮ್ಮಾವುಂದು ಕಣೇ! ಅವ್ರು ತಲೆ ಇಟ್ ಮಲಗ್ತಿದ್ ದಿಂಬು ಕಣೇ ಅದು!”

ಪವಿತ್ರಾ ಅತ್ತೆಯ ಸೆರಗಿನಲ್ಲಿದ್ದ ಹೃದಯಗಳತ್ತ ನೋಡಿದಳು. ಸತ್ತವರ ಹಾಸಿಗೆ ದಿಂಬನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ತಿಥಿಗೆ ಮುಂಚೆಯೇ ಗಂಟು ಕಟ್ಟಿ ಊರಾಚೆ ಹಾಕಿ ಬರುವುದು ಎಲ್ಲ ಮನೆಯಲ್ಲೂ ನಡೆದುಬಂದದ್ದು. ಅಂಥ ಅರಳೆಯನ್ನು ತಾನು ಬಸುರಿಯ ಮಡಿಲಿಗೆ, ಮುತ್ತೈದೆಯರ ತಾಂಬೂಲಕ್ಕೆ...

“ಗಂಟು ಕಟ್ವಾಗ ನನ್ ದಿಂಬ ಅದ್ರೊಳೀಕ್ ಆಕ್ಬುಟ್ಟು, ಅವ್ರುದ್ದ ಬಚ್ಚಿಟ್ಕಂಡೆ.” ಭದ್ರಮ್ಮನ ದನಿ ಎಂದೂ ಕೇಳಿರದಷ್ಟು ಸಣ್ಣಗಾಗಿತ್ತು. “ಬ್ಯಾರನ್ ಅತ್ರಾನೇ ಮಲಗೋರು ಕಣೇ ಸೀಜನ್ನಲ್ಲಿ. ಬೆಂದ್ ಸೊಪ್ಪಿನ್ ವಾಸ್ನೆ, ತಲೇಗ್ ಅಚ್ಕಳೋ ಅರಳೆಣ್ಣೆ ವಾಸ್ನೆ... ಯಾರೂ ಇಲ್ದಾಗ ಅಟ್ಟ ಅತ್ತಿ ಗಂಟು ಬಿಚ್ಚಿ ಮುಖ ಇಟ್ ಬತ್ತಿದ್ದೆ. ಯಾರ್ಗೂ ಯೋಳಿಲ್ಲ. ಯೋಳಿದ್ರೆ ಬುಟ್ಟಾರಾ?... ದಿಂಬಿನ್ ಬಟ್ಟೆನಾರ ಎಲ್ಲೇ? ಅದ್ನಾರ ಕೊಡು!”

ಪವಿತ್ರಾ ಬಾಯಿಗೆ ಸೆರಗು ಒತ್ತಿಕೊಂಡಳು. “ಅತ್ತೆ... ಅದ ಸೋಪಾಕಿ ಒಗ್ದ್ಬುಟ್ಟೆ...”

ಭದ್ರಮ್ಮ ಅಲ್ಲೇ ಕುಸಿದು ಕೂತಳು. ಬೈಯಲೂ ಇಲ್ಲ. ಇನ್ನು ಆ ಮನುಷ್ಯನ ವಾಸನೆ ಲೋಕದಲ್ಲಿ ಉಳಿದಿದ್ದರೆ ಆ ಹೃದಯಗಳ ಒಳಗೆ ಮಾತ್ರ! ಅವು ಯಾರ ಯಾರ ಮನೆಗೋ ಹೋಗಿಬಿಟ್ಟರೆ? ಹೋಗದೆ ಉಳಿಯಬೇಕೆಂದರೆ ಕಾರಣ ಹೇಳಬೇಕು. ಹೇಳಿದರೆ ಸಾಲಿಗ್ರಾಮದ ಬೀಗಿತ್ತಿ ಕೆಂಪಾಜಮ್ಮ ಬಿಟ್ಟಾಳೇ? ಗಂಡ ಸತ್ತ ಮೇಲೆ ಒಬ್ಬಳೇ ಮನೆ ಹಿಡಿದು ನಿಲ್ಲಿಸಿದ ಹೆಂಗಸು ಆಕೆ. ಶಾಸ್ತ್ರ ಎಂದರೆ ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ. ಸಾವಿನ ಅರಳೆಯನ್ನು ಮನೆಯಲ್ಲಿ ಇಟ್ಟುಕೊಂಡವಳ ಕೈಯಲ್ಲಿ ಬಾಣಂತನಕ್ಕೆ ಸೊಸೆಯನ್ನು ಬಿಡುತ್ತಾಳೆಯೇ? ಮಗಳು ಇವತ್ತೇ ವ್ಯಾನು ಹತ್ತಿ ವಾಪಸು ಹೋಗಬೇಕಾದೀತು.

“ನೀವೇನೂ ಯೋಳ್ಬ್ಯಾಡಿ ಅತ್ತೆ.” ಪವಿತ್ರಾ ಅತ್ತೆಯ ಪಕ್ಕ ಮಂಡಿಯೂರಿದಳು. “ನಾನು ಬಿಚ್ಬುಡ್ತೀನಿ. ಒಂದ್ ಎಳೆ ಬುಡ್ದಂಗೆ ಅರಳೇನೆಲ್ಲ ನಿಮ್ಗೇ ಕೊಡ್ತೀನಿ. ಕೇಳ್ದೋರ್ಗೆ ನಾನ್ ಮಾಡಿದ್ದು ಕೆಟ್ಟೋಯ್ತು ಅಂತೀನಿ.”

ಕತ್ತರಿ ತಂದು ಕೂತೇಬಿಟ್ಟಳು. ತುದಿಯ ಗಂಟು ಕತ್ತರಿಸಿ ದಾರ ಎಳೆದರೆ ಸಾಕು, ಸರಸರನೆ ಬಿಚ್ಚಿಹೋಗುತ್ತದೆ ಕ್ರೋಶಾ ಹೆಣಿಗೆ. ತಿಂಗಳುಗಟ್ಟಲೆ ಕಣ್ಣು ನೋಯಿಸಿಕೊಂಡು ಮಾಡಿದ್ದು! ಆದರೂ ಕೈ ನಿಲ್ಲಿಸಲಿಲ್ಲ.

ಹೊರಗೆ ವ್ಯಾನು ನಿಂತ ಸದ್ದು. ಹೆಂಗಸರ ಮಾತು, ಬಳೆಗಳ ಸದ್ದು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ರಮ್ಯಾ ಬಂದಳು. ಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ, ತುಂಬಿದ ಹೊಟ್ಟೆ. ನೆಲದ ಮೇಲಿನ ಕೆಂಪು ದಾರದ ಗುಪ್ಪೆ ಕಂಡವಳೇ ನಿಂತುಬಿಟ್ಟಳು.

“ಅತ್ಗೇ! ಏನ್ ಮಾಡ್ತಿದೀರಿ ನೀವು?”

“ಚೆನ್ನಾಗ್ ಬಂದಿರ್ನಿಲ್ಲ ರಮ್ಯಾ... ಒಲಿಗೆ ಬಿಟ್ಕತಿತ್ತು...”

“ಸುಳ್ಳು! ನಿನ್ನೆ ರಾತ್ರಿ ನಾನೇ ನೋಡಿವ್ನಿ, ಕಣ್ಗೆ ಒತ್ಕಳಂಗಿದ್ವು!” ಬಸುರಿಯ ಸಿಟ್ಟು, ಬಾಯಿಗೆ ಬಂದದ್ದು ಹೊರಗೆ ಬಿದ್ದೇಬಿಟ್ಟಿತು. “ನಿಮ್ಗಿನ್ನೂ ಮಕ್ಳಾಗಿಲ್ಲ ಅಂತ ನನ್ ಮ್ಯಾಲೆ ಒಟ್ಟೆಕಿಚ್ಚಾ ಅತ್ಗೆ?”

ಅಯ್ಯೋ, ಎಂಥ ಮಾತದು! ಕತ್ತರಿ ಕೈಯಿಂದ ಜಾರಿತು. ಪವಿತ್ರಾಳ ಕಣ್ಣಿಂದ ಪಟಪಟನೆ ನೀರು ಉದುರಿತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ತಪ್ಪೆಲ್ಲ ಅತ್ತೆಯ ತಲೆಗೆ ಹೋಗುತ್ತಿತ್ತು. ಅವಳು ಹೇಳಲಿಲ್ಲ. ತಲೆ ತಗ್ಗಿಸಿ ಇನ್ನೊಂದು ಹೃದಯಕ್ಕೆ ಕೈ ಹಾಕಿದಳು.

ಆ ಕೈಯನ್ನು ಭದ್ರಮ್ಮ ಗಪ್ಪನೆ ಹಿಡಿದುಕೊಂಡಳು.

“ಸಾಕು ನಿಲ್ಸು ಮಗ... ಬಾಯ್ ಮುಚ್ಚೇ ರಮ್ಯಾ! ಯಾರ್ಗೇ ಅಂತಿದೀಯೆ ಆ ಮಾತ? ನನ್ ಮಾನ ಉಳಿಸಾಕೆ ಇವ್ಳು ತನ್ ಕೈ ಕೆಲ್ಸನ ತಾನೇ ಕಿತ್ತಾಕ್ತಾವ್ಳೆ ಕಣೇ! ತಪ್ಪು ನಂದು. ನಿಮ್ಮಪ್ಪನ್ ದಿಂಬ ಬಚ್ಚಿಟ್ಕಂಡಿದ್ದೋಳು ನಾನು. ಗೊತ್ತಿಲ್ದೆ ಇವ್ಳು ಅದ್ರು ಅರಳೆ ತುಂಬವ್ಳೆ. ಅಷ್ಟೇಯ!”

ರಮ್ಯಾ ಗೋಡೆ ಹಿಡಿದು ಮೆಲ್ಲನೆ ನೆಲಕ್ಕೆ ಕೂತಳು. ಬಿಚ್ಚಿ ರಾಶಿ ಹಾಕಿದ್ದ ಅರಳೆಯನ್ನು ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡಳು. “ಅಪ್ಪ...” ಎಂದಳು. ಅಷ್ಟೇ. ಮದುವೆಯಲ್ಲಿ ಧಾರೆ ಎರೆಯಲು ಅಪ್ಪನಿರಲಿಲ್ಲವೆಂದು ಬಿಕ್ಕಿದ್ದ ಹುಡುಗಿ ಈಗ ಮಗುವಿನಂತೆ ಅತ್ತಳು. ಆಮೇಲೆ ಅತ್ತಿಗೆಯ ಕೊರಳು ತಬ್ಬಿ, “ನನ್ ಬಾಯ್ಗೆ ಮಣ್ಣಾಕ! ತಪ್ಪಾಯ್ತು ಅತ್ಗೆ, ತಪ್ಪಾಯ್ತು...” ಎಂದು ಹಲುಬಿದಳು. “ಅವ್ವಾ, ಇದ ನನ್ ಮಡ್ಲಿಗ್ ಆಕು. ಅಪ್ಪ ನನ್ ಮಡ್ಲಿಗ್ ಬತ್ತೀನಿ ಅಂದ್ರೆ ನಾನ್ ಬ್ಯಾಡ ಅಂತೀನಾ?”

ಬಾಗಿಲ ಬಳಿ ಯಾರೋ ಕೆಮ್ಮಿದರು. ಮೂವರೂ ತಿರುಗಿದರು. ಕೆಂಪಾಜಮ್ಮ! ಎಷ್ಟು ಹೊತ್ತಿನಿಂದ ನಿಂತಿದ್ದಳೋ! ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂಬುದು ಆ ಬಿಗಿದ ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಬಂದೋರೆಲ್ಲ ಕಾಯ್ತಾವ್ರೆ. ಒತ್ತಾಯ್ತದೆ, ಏಳಿ,” ಎಂದಷ್ಟೇ ಹೇಳಿ ಆಕೆ ಹೊರಟುಹೋದಳು.

ಭದ್ರಮ್ಮ ಅರಳೆಯ ಮೇಲೆ ಒಮ್ಮೆ ಕೈಯಾಡಿಸಿದಳು. “ಬಿಚ್ಚಿರೋದ್ನೆಲ್ಲ ಮತ್ತೆ ಎಣೆಯಾಕ್ ಆಯ್ತದಾ ಮಗ?” ಎಂದು ಸೊಸೆಯನ್ನು ಕೇಳಿದಳು.

“ಇವತ್ಗೆ ಎಲ್ಲಾನೂ ಆಗಕಿಲ್ಲ ಅತ್ತೆ. ಇರೋದು ಸಾಕಾಯ್ತದೆ. ಆದ್ರೆ... ಕೊಟ್ಬುಟ್ರೆ ನಿಮ್ಗೆ?”

“ನಾನೊಬ್ಳೇ ಬಚ್ಚಿಟ್ಕಂಡಿದ್ದು ಸಾಕು ಬುಡು. ಆ ಮನ್ಸ ಒಂದ್ ಗಳಿಗೆ ಮನೇಲಿ ಕೂತೋನಲ್ಲ, ಊರೆಲ್ಲ ತಿರುಗೋನು. ಓಗ್ಲಿ. ಆದ್ರೆ ಮುಚ್ಚಿಟ್ ಕೊಡಕಿಲ್ಲ. ಯೋಳಿ ಕೊಡ್ತೀನಿ. ಬೇಕಾದೋರು ತಗಳ್ಳಿ, ಬ್ಯಾಡ್ದೋರು ಬುಡ್ಲಿ.”

ಶಾಸ್ತ್ರ ನಡೆಯಿತು. ರಮ್ಯಾಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬಳೆಗಳ ಜೊತೆ ಬಿಚ್ಚಿದ ಅರಳೆಯ ಗಂಟೂ ಒಂದು ಕೆಂಪು ಹೃದಯವೂ ಬಿದ್ದವು. ಪವಿತ್ರಾ ಕುಂಕುಮ ಕೊಡುತ್ತಾ ಹೋದಳು; ಭದ್ರಮ್ಮ ಅವಳ ಹಿಂದೆಯೇ ನಿಂತು, ಬೆವರುತ್ತಾ, ತಡವರಿಸುತ್ತಾ, ಅರಳೆ ಯಾರದೆಂದು ಎಲ್ಲರೆದುರು ಹೇಳಿಯೇಬಿಟ್ಟಳು. ಯಾರೋ ಯಾರನ್ನೋ ತಿವಿದರು. ಭದ್ರಮ್ಮನ ಚಾಚಿದ ಕೈ ಚಾಚಿದಂತೆಯೇ ಇತ್ತು.

ಕೊನೆಗೆ ಎದುರುಮನೆಯ ಮುದುಕಿ ಗೋಡೆಗೊರಗಿ ಕೂತಲ್ಲಿಂದಲೇ ಗದರಿದಳು: “ಮಂಟಯ್ಯಂದಾ? ಅದ್ಕೇನಾಯ್ತೀಗ? ತತ್ತಾ ಇಲ್ಲಿ! ಬದುಕಿದ್ದಾಗ ನಮ್ಮನೇಗ್ ಬಂದ್ರೆ ಕಾಫಿ ಕುಡೀದೆ ಏಳ್ತಿರ್ನಿಲ್ಲ ಅವ್ನು. ಈಗ್ಲೂ ಬಂದು ಕೂತ್ಕಳ್ಳಿ.”

ಒಬ್ಬಳು ನಕ್ಕಳು. ಇನ್ನೊಬ್ಬಳು ಕಣ್ಣೊರೆಸಿಕೊಂಡು ಕೈ ಚಾಚಿದಳು. ಬೇಡವೆಂದವರೂ ಇದ್ದರು, ಅವರಿಗೆ ಭದ್ರಮ್ಮ ಹಣ್ಣು ಕಾಯಿ ಕೊಟ್ಟು ಕಳಿಸಿದಳು, ಬೇಸರಿಸಲಿಲ್ಲ. ಕೊಡುತ್ತಾ ಕೊಡುತ್ತಾ ಆಕೆಯ ಮುಖ ಹಗುರವಾಗುತ್ತಿದ್ದುದನ್ನು ಪವಿತ್ರಾ ಕಂಡಳು. “ನನ್ ಸೊಸೆ ಮಾಡಿದ್ದು. ಎಷ್ಟ್ ಚೆನ್ನಾಗದೆ ನೋಡ್ರವ್ವ,” ಎಂದು ಆಕೆ ಯಾರಿಗೋ ಹೇಳಿದ್ದು ಕಿವಿಗೆ ಬಿದ್ದಾಗ ಆಗ ತಾನೇ ಕುಂಕುಮ ಇಟ್ಟುಕೊಂಡವಳಿಗೇ ಅವಳು ಮತ್ತೆ ಬಟ್ಟಲು ಚಾಚಿದಳು.

ಊಟವಾಗಿ, ಊರಿನ ಜನ ಕರಗಿದರು; ಸಾಲಿಗ್ರಾಮದವರಷ್ಟೇ ಉಳಿದರು. ಬುಟ್ಟಿಯಲ್ಲಿ ಉಳಿದದ್ದು ಒಂದೇ ಹೃದಯ. ಪವಿತ್ರಾ ಅದನ್ನು ತಂದು ಅತ್ತೆಯ ಕೈಗಿಟ್ಟು, “ಇದು ನಿಮ್ಗೆ,” ಎಂದಳು. ಭದ್ರಮ್ಮ ಅದನ್ನು ಎದೆಗೆ ಹಿಡಿದುಕೊಳ್ಳುವಷ್ಟರಲ್ಲಿ ಕೆಂಪಾಜಮ್ಮ ಬಂದು ಎದುರು ನಿಂತಳು. ಅರಳೆಯ ವಿಷಯ ಆಕೆ ಇನ್ನೂ ಎತ್ತಿರಲಿಲ್ಲ. ಇನ್ನೇನು ಬಂತೋ ಎಂದು ಪವಿತ್ರಾ ಅತ್ತೆಯ ಪಕ್ಕಕ್ಕೆ ಸರಿದಳು. ರಮ್ಯಾಳನ್ನು ಕರೆದುಕೊಂಡು ಹೊರಡುತ್ತೇನೆಂದರೆ?

ಕೆಂಪಾಜಮ್ಮ ಮೆಲ್ಲನೆ ಸೆರಗು ಒಡ್ಡಿದಳು.

“ನಂಗೂ ಒಂದು ಕೊಡ್ರೀ ಭದ್ರಮ್ಮೋರೆ. ನಮ್ಮೋರು ಓದಾಗ... ಎಲ್ಲಾನೂ ನಾನೇ ಗಂಟು ಕಟ್ದೆ ಕಣ್ರೀ. ಈ ಕೈಲೇ. ಶಾಸ್ತ್ರ ಅಂದ್ರು, ಕಟ್ದೆ. ದಿಂಬೂ ಆಕ್ದೆ. ಒಂದ ಬಚ್ಚಿಟ್ಕಬೋದು ಅಂತ ನಂಗ್ಯಾಕ್ರೀ ಒಳೀಲಿಲ್ಲ?”

ಭದ್ರಮ್ಮ ಕೈಯಲ್ಲಿದ್ದ ಹೃದಯವನ್ನು ನೋಡಿದಳು. ಅದು ಕೊನೆಯದು. ಅದನ್ನು ಬೀಗಿತ್ತಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ತಾನೇ ಮಡಿಚಿದಳು.

“ನಿಮ್ಮೋರ್ದೇ ಅಂತ ಇಟ್ಕಳಿ,” ಎಂದಳು.

ಕೆಂಪಾಜಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡು, ಎಲ್ಲರೆದುರು ಜೋರಾಗಿ ಅತ್ತುಬಿಟ್ಟಳು. ಗಂಡ ಸತ್ತಾಗಲೂ ಆಕೆ ಹಾಗೆ ಅತ್ತದ್ದನ್ನು ಸಾಲಿಗ್ರಾಮದಲ್ಲಿ ಯಾರೂ ಕಂಡಿರಲಿಲ್ಲ.